ಮಾತ್ರೆಗೆ ಬಗ್ಗದ ಖಿನ್ನತೆ ಮತ್ತು ಮೂಗಿನ ಸ್ಪ್ರೇ: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವೈದ್ಯೆ ಅಲ್ಲ. ದಾವಣಗೆರೆಯಲ್ಲಿ ಮನೆ, ಚಿತ್ರದುರ್ಗ ತವರು. ನನ್ನ ತಮ್ಮ ನಾಲ್ಕು ವರ್ಷ ಖಿನ್ನತೆಯಲ್ಲಿ ನರಳಿದ. ಅವನ ಫೈಲು ಹಿಡಿದು ಓಡಾಡಿದವಳು ನಾನು. ಆಮೇಲೆ ಪರಿಚಯದವರು, ಪರಿಚಯದವರ ಪರಿಚಯದವರು ಫೋನ್ ಮಾಡತೊಡಗಿದರು. ಎಲ್ಲರದೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಫೋನಿನಲ್ಲಿ ಪ್ರತಿ ಸಲ ಏನಾದರೊಂದು ಹೇಳಲು ಮರೆಯುತ್ತಿದ್ದೆ, ಅದಕ್ಕೇ ಬರೆದಿಟ್ಟಿದ್ದೇನೆ. ಇದನ್ನು ಓದಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಯಾವುದನ್ನೂ ಶುರು ಮಾಡಬೇಡಿ. ಮನೋವೈದ್ಯರ ಮುಂದೆ ಕೂತಾಗ ಏನು ಕೇಳಬೇಕು ಎಂದು ಗೊತ್ತಾದರೆ ಸಾಕು.

ಮೂಗಿಗೆ ಹೊಡೆಯುವ ಖಿನ್ನತೆಯ ಔಷಧಿ ಅಂತಾರಲ್ಲ, ಅದೇನು?

ಅದರ ಹೆಸರು ಎಸ್ಕೆಟಮಿನ್. ಆಪರೇಷನ್ ವೇಳೆ ಅರಿವಳಿಕೆಗೆ ಕೊಡುವ ಕೆಟಮಿನ್ ಎಂಬ ಹಳೆಯ ಔಷಧಿ ಇದೆ, 1960ರ ದಶಕದಿಂದಲೂ ಬಳಕೆಯಲ್ಲಿದೆ. ಕೆಟಮಿನ್ ಅಣುವಿಗೆ ಎಡಗೈ ಬಲಗೈ ಇದ್ದ ಹಾಗೆ ಎರಡು ರೂಪ. ಅವುಗಳಲ್ಲಿ ಒಂದನ್ನು ಬೇರ್ಪಡಿಸಿ ಮೂಗಿನ ಸ್ಪ್ರೇ ಮಾಡಿದ್ದೇ ಎಸ್ಕೆಟಮಿನ್. ಸ್ಪ್ರಾವಾಟೊ ಎಂಬ ಹೆಸರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಮಾರ್ಚ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಇದ್ದ ಷರತ್ತು ಎಂದರೆ ಜೊತೆಗೆ ಬಾಯಿಂದ ನುಂಗುವ ಖಿನ್ನತೆಯ ಮಾತ್ರೆಯೂ ಇರಬೇಕು ಎನ್ನುವುದು. 2025ರ ಜನವರಿಯಲ್ಲಿ ಸ್ಪ್ರೇ ಒಂದನ್ನೇ ಕೊಡಲೂ ಅಲ್ಲಿ ಅನುಮತಿ ಸಿಕ್ಕಿತು.

ಎಸಿಟಲೋಪ್ರಾಮ್, ಸರ್ಟ್ರಲಿನ್, ವೆನ್ಲಾಫ್ಯಾಕ್ಸಿನ್ ಹೆಸರಿನ ಮಾತ್ರೆಗಳನ್ನು ನೀವು ಚೀಟಿಯಲ್ಲಿ ನೋಡಿರುತ್ತೀರಿ. ಅವು ಮಿದುಳಿನಲ್ಲಿ ಸೆರೊಟೋನಿನ್, ನಾರ್ಅಡ್ರಿನಲಿನ್ ಎಂಬ ರಾಸಾಯನಿಕಗಳ ಹಾದಿಯಲ್ಲಿ ಕೆಲಸ ಮಾಡುತ್ತವೆ, ಗುಣ ಕಾಣಲು ವಾರಗಟ್ಟಲೆ ಬೇಕು. ಕೆಟಮಿನ್ ಜಾತಿಯದು ಗ್ಲುಟಮೇಟ್ ಎಂಬ ಬೇರೆ ಹಾದಿ ಹಿಡಿಯುತ್ತದೆ. ಕೆಲವರಿಗೆ ಒಂದೆರಡು ದಿನದಲ್ಲೇ ಭಾರ ಇಳಿದ ಅನುಭವವಾಗುತ್ತದೆ. ಜನ ಇದರ ಬೆನ್ನು ಹತ್ತುವುದಕ್ಕೆ ಕಾರಣ ಈ ವೇಗವೇ.

ಇವತ್ತು ರಾತ್ರಿಯೇ ಕಷ್ಟ ಅನ್ನಿಸುವ ಸ್ಥಿತಿ ಇದೆ. ಈ ಸ್ಪ್ರೇಗಾಗಿ ಕಾಯಬೇಕಾ?

ಬೇಡ. ಸಾಯುವ ಮಾತು ಬಂದಿದ್ದರೆ, ಚೀಟಿ ಬರೆದಿಟ್ಟಿದ್ದರೆ, ಇದ್ದಕ್ಕಿದ್ದಂತೆ ಸಾಲ ಲೆಕ್ಕ ಎಲ್ಲ ಒಪ್ಪಿಸುತ್ತಿದ್ದರೆ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಈಗಲೇ ಹೊರಡಿ. ಆಂಬುಲೆನ್ಸ್‌ಗೆ 108. ಮಾತಾಡಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಹಗಲೂ ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ. ಒಬ್ಬರನ್ನೇ ಬಿಡಬೇಡಿ.

ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆ ಅಟ್ಟದ ಮೇಲೋ ದನದ ಕೊಟ್ಟಿಗೆಯಲ್ಲೋ ಇರುತ್ತದೆ. ಇವತ್ತೇ ಅದನ್ನು ಬೇರೆಯವರ ಮನೆಗೆ ಸಾಗಿಸಿ. ಮಾತ್ರೆಯ ಡಬ್ಬಿಯ ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ. ತಮ್ಮನ ವಿಷಯದಲ್ಲಿ ಅಪ್ಪ ಮಾಡಿದ ಮೊದಲ ಕೆಲಸ ಅದು. ಅದರಿಂದಲೇ ಅವನು ಉಳಿದ ಎಂದು ನಾನು ನಂಬಿದ್ದೇನೆ.

ಆತ್ಮಹತ್ಯೆಯ ಯೋಚನೆಯ ಜೊತೆಗಿರುವ ತೀವ್ರ ಖಿನ್ನತೆಗೂ ಅಮೆರಿಕದಲ್ಲಿ 2020ರಲ್ಲಿ ಈ ಸ್ಪ್ರೇಗೆ ಒಪ್ಪಿಗೆ ಸಿಕ್ಕಿದೆ, ನಿಜ. ಆದರೆ ಆತ್ಮಹತ್ಯೆಯನ್ನು ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಔಷಧಿಯ ಅಧಿಕೃತ ವಿವರದಲ್ಲೇ ಬರೆದಿದೆ. ಸ್ಪ್ರೇ ಕೊಟ್ಟರೂ ಆಸ್ಪತ್ರೆಗೆ ಸೇರಿಸಬೇಕಾದವರನ್ನು ಸೇರಿಸಲೇಬೇಕು.

ನೆಗಡಿ ಸ್ಪ್ರೇ ತರಹ ಔಷಧಿ ಅಂಗಡಿಯಲ್ಲಿ ತಂದು ಮನೆಯಲ್ಲೇ ಹಾಕಿಕೊಳ್ಳಬಹುದಾ?

ಆಗುವುದಿಲ್ಲ. ಎಲ್ಲಕ್ಕಿಂತ ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದು. ನೀವು ಹುಡುಕುತ್ತಿರುವುದು ಬಾಟಲಿಯನ್ನಲ್ಲ, ಎರಡು ಗಂಟೆ ನಿಮ್ಮನ್ನು ನೋಡಿಕೊಂಡು ಕೂರುವ ಜಾಗವನ್ನು. ಸ್ಪ್ರೇ ತೆಗೆದುಕೊಂಡ ಮೇಲೆ ಬಿಪಿ ಏರುತ್ತದೆ, ಮಂಪರು ಬರುತ್ತದೆ, ದೇಹ ತನ್ನದಲ್ಲ ಎನ್ನಿಸುತ್ತದೆ. ಅದಕ್ಕೇ ಅಮೆರಿಕದಲ್ಲೂ ನೋಂದಾಯಿತ ಕೇಂದ್ರದಲ್ಲಿ ಮಾತ್ರ ಕೊಡಬೇಕು, ಕನಿಷ್ಠ 2 ಗಂಟೆ ನಿಗಾ ಇಡಬೇಕು, ಮನೆಗೆ ಕೊಟ್ಟು ಕಳಿಸಕೂಡದು ಎಂಬ ಕಟ್ಟುನಿಟ್ಟು.

ನಮ್ಮ ದೇಶದಲ್ಲಿ ಕೆಟಮಿನ್ ಶೆಡ್ಯೂಲ್ ಎಕ್ಸ್ ಪಟ್ಟಿಯ ಔಷಧಿ. ಹಾಗೆಂದರೆ ವೈದ್ಯರ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಮಾದಕ ದ್ರವ್ಯ ಕಾಯ್ದೆಯ ಕಣ್ಣೂ ಇದರ ಮೇಲಿದೆ.

ನಮಗೆ ಆದದ್ದನ್ನು ಹೇಳುತ್ತೇನೆ. ತಮ್ಮನ ಸ್ಥಿತಿ ತೀರಾ ಹದಗೆಟ್ಟ ದಿನಗಳಲ್ಲಿ ಮೊಬೈಲಿನಲ್ಲಿ ಹುಡುಕಿ ಹುಡುಕಿ ಒಂದು ನಂಬರ್ ಸಿಕ್ಕಿತು. ಆ ಕಡೆಯವರು ಬಹಳ ನಯವಾಗಿ, ‘ಮೇಡಂ, ಬರೋದೇ ಬೇಡ, ಸ್ಪ್ರೇ ಕೊರಿಯರ್ ಮಾಡ್ತೀವಿ, ವೀಡಿಯೊ ಕಾಲ್‌ನಲ್ಲಿ ಹೇಳ್ಕೊಡ್ತೀವಿ’ ಎಂದರು. ಮುಂಗಡ ಕಳಿಸಿಬಿಟ್ಟೆ. ಸ್ಪ್ರೇನೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಈಗ ಅನ್ನಿಸುತ್ತದೆ, ದುಡ್ಡು ಹೋದದ್ದೇ ವಾಸಿ. ಆ ಡಬ್ಬಿ ಬಂದಿದ್ದರೆ ತಮ್ಮನಿಗೆ ನಾನೇ ಹಾಕಿಬಿಡುತ್ತಿದ್ದೆ. ಔಷಧಿ ಅಂಗಡಿಗಳು ತಾವೇ ಬೆರೆಸಿ ಮಾರುವ ಕೆಟಮಿನ್ ಸ್ಪ್ರೇ ಅಪಾಯಕಾರಿ ಎಂದು ಅಮೆರಿಕದ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿದೆ. ಕೊರಿಯರ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಫೋನ್ ಇಡಿ.

ನಮ್ಮವರದು ‘ಮಾತ್ರೆಗೆ ಬಗ್ಗದ ಖಿನ್ನತೆ’ ಹೌದೋ ಅಲ್ಲವೋ, ತಿಳಿಯುವುದು ಹೇಗೆ?

ಸಾಮಾನ್ಯವಾಗಿ ವೈದ್ಯರು ಹಿಡಿಯುವ ಅಳತೆ ಹೀಗಿದೆ: ಎರಡು ಬೇರೆ ಬೇರೆ ಖಿನ್ನತೆಯ ಔಷಧಿಗಳನ್ನು, ಸಾಕಷ್ಟು ಡೋಸಿನಲ್ಲಿ, ಸಾಕಷ್ಟು ದಿನ, ಅಂದರೆ ಸುಮಾರು ಆರರಿಂದ ಎಂಟು ವಾರ, ತಪ್ಪದೆ ತೆಗೆದುಕೊಂಡರೂ ಗುಣ ಕಾಣದಿರುವುದು. ಈ ವಾಕ್ಯದ ಒಂದೊಂದು ಪದವೂ ಮುಖ್ಯ.

ತಮ್ಮನಿಗೆ ‘ಐದು ಔಷಧಿ ಆಯ್ತು, ಯಾವುದೂ ಹಿಡೀಲಿಲ್ಲ’ ಎಂದು ನಾವು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆವು. ಕೊನೆಗೆ ಒಬ್ಬ ವೈದ್ಯೆ ನಮ್ಮ ಪ್ಲಾಸ್ಟಿಕ್ ಕವರಿನಲ್ಲಿದ್ದ ಚೀಟಿ, ಅಂಗಡಿ ಬಿಲ್ಲುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ತಾರೀಖಿನ ಪ್ರಕಾರ ಜೋಡಿಸಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಬಂದರು. ಮೊದಲನೆಯದು ಹದಿನೈದು ದಿನಕ್ಕೆ ನಿಂತಿತ್ತು, ಹೊಟ್ಟೆ ತೊಳಸುತ್ತದೆ ಅಂತ. ಎರಡನೆಯದು ಪೂರ್ತಿ ಡೋಸಿಗೆ ಏರಿರಲೇ ಇಲ್ಲ. ಮೂರನೆಯದರ ಬಿಲ್ಲು ತಿಂಗಳಿಗೆ ಹತ್ತು ಮಾತ್ರೆಯಷ್ಟೇ ಇತ್ತು. ಅವನು ಮೂರು ದಿನಕ್ಕೊಂದು ನುಂಗುತ್ತಿದ್ದ. ಐದರಲ್ಲಿ ಸರಿಯಾಗಿ ನಡೆದದ್ದು ಒಂದೇ ಒಂದು. ಅವರು ಬೈಯಲಿಲ್ಲ. ‘ಇನ್ನೂ ದಾರಿ ಇದೆ ಅಂತ ಅರ್ಥ’ ಎಂದರು.

ಜೊತೆಗೆ ಬೇರೆ ಕಾರಣ ಏನಾದರೂ ಒಳಗೆ ಕೂತಿದೆಯೇ ಎಂದು ನೋಡಬೇಕು. ಥೈರಾಯ್ಡ್, ಬಿ12, ರಕ್ತಹೀನತೆ, ಶುಗರ್ ಪರೀಕ್ಷೆ ಆಗಿದೆಯೇ? ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕಡಿಮೆ ಇರುವುದು ತೀರಾ ಸಾಮಾನ್ಯ. ಕುಡಿತ ಇದೆಯೇ? ಇದ್ದರೆ ವೈದ್ಯರಿಗೆ ನಿಜವಾದ ಲೆಕ್ಕ ಹೇಳಿ. ಬೇರೆ ಕಾಯಿಲೆಗೆ ಸ್ಟಿರಾಯ್ಡ್‌ನಂಥ ಮಾತ್ರೆ ನಡೆಯುತ್ತಿದೆಯೇ? ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ, ಸುಸ್ತಿಲ್ಲದೆ, ವಿಪರೀತ ಮಾತು, ವಿಪರೀತ ಖರ್ಚು ಮಾಡಿದ ವಾರಗಳು ಇದ್ದವೇ? ಇದ್ದರೆ ಅದು ಬೈಪೋಲಾರ್ ಇರಬಹುದು. ಆಗ ಚಿಕಿತ್ಸೆಯ ದಾರಿಯೇ ಬೇರೆ. ರೋಗಿ ಇದನ್ನು ತಾನಾಗಿ ಹೇಳುವುದು ಅಪರೂಪ. ‘ಮದುವೆ ವರ್ಷ ನಮ್ಮ ಹುಡುಗ ರಾತ್ರಿಯೆಲ್ಲ ಓಡಾಡ್ತಿದ್ದ’ ಎಂಬಂಥ ಮಾತು ಅಕ್ಕ, ಅತ್ತಿಗೆ, ಹೆಂಡತಿಯ ಬಾಯಿಂದಲೇ ಬರಬೇಕು.

ದಾವಣಗೆರೆ, ಚಿತ್ರದುರ್ಗದಲ್ಲಿ ಎಲ್ಲಿಂದ ಶುರು ಮಾಡಲಿ?

ನೇರ ಬೆಂಗಳೂರಿಗೆ ಓಡಬೇಡಿ. ಮೇಲೆ ಹೇಳಿದ ಲೆಕ್ಕಾಚಾರ, ರಕ್ತಪರೀಕ್ಷೆ, ಎರಡನೇ ಔಷಧಿಯನ್ನು ಸರಿಯಾಗಿ ಕೊಟ್ಟು ನೋಡುವುದು, ಇವೆಲ್ಲ ಇಲ್ಲೇ ಆಗುವ ಕೆಲಸ. ದಾವಣಗೆರೆಯಲ್ಲಿ ಜಿಲ್ಲಾ ಚಿಗಟೇರಿ ಆಸ್ಪತ್ರೆ ಇದೆ, 1965ರಿಂದ ಇರುವ ಜೆಜೆಎಂ ವೈದ್ಯಕೀಯ ಕಾಲೇಜಿದೆ, ಎಸ್‌ಎಸ್ ವೈದ್ಯಕೀಯ ಸಂಸ್ಥೆ ಇದೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು. ವೈದ್ಯಕೀಯ ಕಾಲೇಜು ಎಂದ ಮೇಲೆ ಮನೋವೈದ್ಯಕೀಯ ವಿಭಾಗ ಇರಲೇಬೇಕು, ಅಲ್ಲಿ ಓಪಿಡಿ ಚೀಟಿ ಮಾಡಿಸಿ. ಜಗಳೂರು, ಚನ್ನಗಿರಿ, ಹೊಸದುರ್ಗ, ಚಳ್ಳಕೆರೆ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಬಗ್ಗೆ ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತದೆ.

ಮುಂದಿನ ಹಂತ ಬೇಕಾದರೆ ಅಲ್ಲಿಂದಲೇ ರೆಫರಲ್ ಪತ್ರ ಬರೆಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯಕ್ಕೆ ದೊಡ್ಡಮನೆ ಇದ್ದ ಹಾಗೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದಾವಣಗೆರೆಯವರಿಗೆ ಇನ್ನೂ ಹತ್ತಿರ. ಪತ್ರ, ಪರೀಕ್ಷೆಯ ವರದಿ, ಔಷಧಿಗಳ ತಾರೀಖುವಾರು ಪಟ್ಟಿ ಇದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಮೊದಲ ದಿನವೇ ಮಾತು ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಇಲ್ಲಿ ಆಗಬೇಕಿದ್ದ ಕೆಲಸವೇ ಅಲ್ಲಿ ಶುರುವಾಗುತ್ತದೆ.

ಕೇಂದ್ರ ಸಿಕ್ಕಿತು ಅಂದುಕೊಳ್ಳಿ. ಫೋನ್ ಮಾಡಿ ಏನು ಕೇಳಲಿ?

‘ಸ್ಪ್ರೇ ಇದೆಯಾ’ ಎಂದು ಕೇಳಿದರೆ ‘ಇದೆ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ ನೋಡಿ. ನೀವು ಕೊಡುವುದು ಎಸ್ಕೆಟಮಿನ್ ಸ್ಪ್ರೇನಾ, ಕೆಟಮಿನ್ ಡ್ರಿಪ್ಪಾ? ಔಷಧಿಯ ಪೆಟ್ಟಿಗೆಯನ್ನು ಒಡೆಯುವ ಮೊದಲು ನಮಗೆ ತೋರಿಸುತ್ತೀರಾ? ಮೊದಲು ಮನೋವೈದ್ಯರು ಕೂತು ನೋಡುತ್ತಾರಾ, ಇಲ್ಲ ಬಂದ ದಿನವೇ ಕೊಟ್ಟುಬಿಡುತ್ತೀರಾ? ಕೊಟ್ಟ ಮೇಲೆ ಪಕ್ಕದಲ್ಲಿ ಯಾರಿರುತ್ತಾರೆ, ಎಷ್ಟು ಹೊತ್ತು? ಬಿಪಿ ಎಷ್ಟು ಸಲ ನೋಡುತ್ತೀರಿ? ಉಸಿರಾಟಕ್ಕೆ ತೊಂದರೆಯಾದರೆ ಆಮ್ಲಜನಕ, ತುರ್ತು ವ್ಯವಸ್ಥೆ ಅಲ್ಲೇ ಇದೆಯಾ? ಒಂದು ಸಲಕ್ಕೆ ಎಲ್ಲ ಸೇರಿ ಎಷ್ಟು ಖರ್ಚು? ಗುಣ ಕಾಣದಿದ್ದರೆ ಎಷ್ಟನೇ ಸಲಕ್ಕೆ ನಿಲ್ಲಿಸುತ್ತೀರಿ?

ಕೊನೆಯ ಪ್ರಶ್ನೆಗೆ ಸಿಗುವ ಉತ್ತರವನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ನಿಲ್ಲಿಸುವ ಯೋಚನೆಯನ್ನು ಮೊದಲೇ ಮಾಡಿಟ್ಟುಕೊಂಡವರು ರೋಗಿಯನ್ನು ನೋಡುತ್ತಿದ್ದಾರೆ. ಹತ್ತು ಸಲದ ಪ್ಯಾಕೇಜು, ಮುಂಗಡ ಕಟ್ಟಿದರೆ ರಿಯಾಯಿತಿ ಎನ್ನುವವರ ಹತ್ತಿರ ನಾನಂತೂ ನನ್ನ ತಮ್ಮನನ್ನು ಕರೆದೊಯ್ಯುವುದಿಲ್ಲ.

ಸ್ಪ್ರೇಗೂ ಡ್ರಿಪ್ಪಿಗೂ ಏನು ವ್ಯತ್ಯಾಸ?

ಡ್ರಿಪ್ಪಿನಲ್ಲಿ ಕೊಡುವುದು ಸಾಮಾನ್ಯ ಕೆಟಮಿನ್. ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಸಿದ ಅಳತೆ ದೇಹದ ತೂಕದ ಪ್ರತಿ ಕೆಜಿಗೆ 0.5 ಮಿಲಿಗ್ರಾಂ, ಸುಮಾರು 40 ನಿಮಿಷದಲ್ಲಿ ನಿಧಾನಕ್ಕೆ. ಅರಿವಳಿಕೆಗೆ ಕೊಡುವುದಕ್ಕಿಂತ ಇದು ಬಹಳ ಕಡಿಮೆ. ಕೆಟಮಿನ್ ಹಳೆಯ, ಅಗ್ಗದ ಔಷಧಿ. ಆದರೆ ಖಿನ್ನತೆಗೆಂದು ಕೊಡುವಾಗ ಅದು ಲೇಬಲ್ಲಿನಲ್ಲಿ ಬರೆಯದ ಬಳಕೆ, ಅಂದರೆ ಆ ಕಾಯಿಲೆಗೆಂದು ಅಧಿಕೃತ ಒಪ್ಪಿಗೆ ಇಲ್ಲದ್ದು. ವೈದ್ಯರು ತಮ್ಮ ಜವಾಬ್ದಾರಿಯಲ್ಲಿ, ನಿಮ್ಮ ಲಿಖಿತ ಒಪ್ಪಿಗೆ ಪಡೆದು ಕೊಡುತ್ತಾರೆ. ತಮ್ಮನಿಗೆ ಬೆಂಗಳೂರಿನಲ್ಲಿ ಕೊಟ್ಟದ್ದು ಡ್ರಿಪ್, ಸ್ಪ್ರೇ ಅಲ್ಲ. ನನ್ನ ಕಣ್ಣಾರೆ ಕಂಡದ್ದು ಎಂದು ಕೆಳಗೆ ಬರೆಯುವುದೆಲ್ಲ ಅದರದ್ದು.

ಆ ದಿನ ಏನೇನಾಗುತ್ತದೆ?

ಸ್ಪ್ರೇಗೆ ಎರಡು ಗಂಟೆ ಮೊದಲಿನಿಂದ ಏನೂ ತಿನ್ನಬಾರದು, ಅರ್ಧ ಗಂಟೆ ಮೊದಲಿನಿಂದ ನೀರೂ ಬೇಡ. ವಾಂತಿಯಾಗುವ ಸಂಭವ ಇರುವುದರಿಂದ ಈ ನಿಯಮ. ಮೂಗು ಕಟ್ಟಿ ಬೇರೆ ಸ್ಪ್ರೇ ಬಳಸುತ್ತಿದ್ದರೆ ಅದು ಒಂದು ಗಂಟೆ ಮೊದಲೇ ಆಗಿರಬೇಕು. ಹೋದ ಕೂಡಲೇ ಬಿಪಿ ನೋಡುತ್ತಾರೆ. 140/90 ದಾಟಿದ್ದರೆ ಅವತ್ತು ಕೊಡುವುದೋ ಬಿಡುವುದೋ ಎಂದು ವೈದ್ಯರು ಯೋಚಿಸುತ್ತಾರೆ. ಅವತ್ತು ವಾಪಸ್ ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಒಂದು ಡಬ್ಬಿಯಲ್ಲಿ 28 ಮಿಲಿಗ್ರಾಂ, ಎರಡು ಹೊಳ್ಳೆಗೂ ಒಂದೊಂದು ಸಲ. 56 ಮಿಲಿಗ್ರಾಂ ಬೇಕಾದರೆ ಎರಡು ಡಬ್ಬಿ, 84 ಆದರೆ ಮೂರು, ನಡುನಡುವೆ ಐದೈದು ನಿಮಿಷ ಬಿಡುವು. ಸಿಬ್ಬಂದಿಯ ಎದುರಿಗೆ ರೋಗಿಯೇ ತನ್ನ ಕೈಯಿಂದ ಹಾಕಿಕೊಳ್ಳಬೇಕು, ತಲೆಯನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ. ಗಂಟಲಿಗೆ ಕಹಿ ಇಳಿಯುತ್ತದೆ. ಬಿಪಿ ಹೆಚ್ಚು ಏರುವುದು ಸುಮಾರು 40 ನಿಮಿಷಕ್ಕೆ, ಆಗ ಮತ್ತೆ ನೋಡುತ್ತಾರೆ.

ತಲೆ ಸುತ್ತು, ವಾಕರಿಕೆ, ಬಾಯಿ ಸುತ್ತ ಜೋಮು, ಮಂಪರು, ಕಳವಳ ಇವೆಲ್ಲ ಬರಬಹುದು. ಇವುಗಳ ಜೊತೆಗೆ, ತನ್ನಿಂದ ತಾನೇ ದೂರ ನಿಂತ ಹಾಗಾಗುವ ಒಂದು ಸ್ಥಿತಿ ಇದೆ. ಮೊದಲ ಡ್ರಿಪ್ ಶುರುವಾಗಿ ಹತ್ತು ಹದಿನೈದು ನಿಮಿಷ ಆಗಿತ್ತು. ತಮ್ಮ ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದ. ‘ಅಕ್ಕಾ, ಈ ಕೈ ನಂದೇನಾ?’ ಎಂದ. ಎದೆ ಝಲ್ಲೆಂದಿತು. ನರ್ಸ್ ಮಾತ್ರ ನಿಧಾನಕ್ಕೆ, ‘ನಿಂದೇನಪ್ಪಾ, ಇನ್ನರ್ಧ ಗಂಟೇಲಿ ಸರಿಹೋಗುತ್ತೆ, ನಾನಿಲ್ಲೇ ಇದೀನಿ’ ಎಂದು ಅವನ ಭುಜ ಮುಟ್ಟಿದರು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಆ ಮಾತನ್ನು ಆಡಲು ಗೊತ್ತಿರುವವರು ಪಕ್ಕದಲ್ಲಿ ಬೇಕು. ಕೋಣೆಯಲ್ಲಿ ಬೆಳಕು ಕಡಿಮೆ ಇರಲಿ, ಟಿವಿ ಬೇಡ, ಮನೆ ಜಗಳದ ಮಾತು ಅವತ್ತು ಬೇಡವೇ ಬೇಡ.

ಮರುದಿನ ಚೆನ್ನಾಗಿ ನಿದ್ದೆ ಮಾಡಿ ಏಳುವವರೆಗೂ ಬೈಕ್, ಕಾರು, ಟ್ರ್ಯಾಕ್ಟರ್ ಮುಟ್ಟಬಾರದು. ಸೈಟು ಹೊಲದ ಪತ್ರಕ್ಕೆ ಸಹಿಯನ್ನೂ ಅವತ್ತು ಹಾಕಿಸಬೇಡಿ.

ಎಷ್ಟು ಸಲ ಹೋಗಬೇಕು? ನಮ್ಮೂರಿಂದ ಓಡಾಡಲು ಸಾಧ್ಯವೇ?

ಸ್ಪ್ರೇಯ ಕ್ರಮ: ಮೊದಲ ನಾಲ್ಕು ವಾರ ವಾರಕ್ಕೆ ಎರಡು ಸಲ, ಮುಂದಿನ ನಾಲ್ಕು ವಾರ ವಾರಕ್ಕೊಂದು ಸಲ, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಎರಡು ತಿಂಗಳಿಗೆ ಹನ್ನೆರಡು ಸಲ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಮೀ, ಚಿತ್ರದುರ್ಗದಿಂದ ಸುಮಾರು 200. ಮೊದಲ ತಿಂಗಳ ಎಂಟು ಸಲಕ್ಕೇ ದಾವಣಗೆರೆಯವರಿಗೆ ನಾಲ್ಕು ಸಾವಿರ ಕಿಮೀ ದಾಟುತ್ತದೆ. ಖಿನ್ನತೆಯಲ್ಲಿ ಹಾಸಿಗೆಯಿಂದ ಎದ್ದು ಹಲ್ಲುಜ್ಜುವುದೇ ಬೆಟ್ಟ ಹತ್ತಿದ ಹಾಗಿರುವವರನ್ನು ವಾರಕ್ಕೆರಡು ಸಲ ಆರು ಗಂಟೆ ಬಸ್ಸಿನಲ್ಲಿ ಕೂರಿಸುವುದು ಕಷ್ಟ.

ನಾವು ಮಾಡಿದ್ದು ಹೀಗೆ: ಬೆಂಗಳೂರಿನಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಮೂರು ವಾರ ಉಳಿದೆವು, ಆರು ಡ್ರಿಪ್ ಮುಗಿಸಿಯೇ ಬಂದೆವು. ತಮ್ಮನ ಅಂಗಡಿಯನ್ನು ಅಪ್ಪ ನೋಡಿಕೊಂಡರು. ನೆಂಟರ ಮನೆ ಇಲ್ಲದವರು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿದರೆ ಹತ್ತಿರದ ಧರ್ಮಛತ್ರಗಳ ವಿಷಯ ಹೇಳುತ್ತಾರೆ. ಓಡಾಡುವುದೇ ಆದರೆ ರೈಲು ವಾಸಿ, ಒರಗಿಕೊಂಡು ಬರಬಹುದು, ವಾಂತಿ ಬಂದರೆ ಎದ್ದು ಹೋಗಬಹುದು.

ನಿಜವಾಗಿ ಗುಣ ಆಗುತ್ತದಾ?

ಕೆಲವರಿಗೆ ಹೌದು, ಎಲ್ಲರಿಗೂ ಅಲ್ಲ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಮಾತ್ರೆಗೆ ಬಗ್ಗದ ಖಿನ್ನತೆಯ 676 ಜನರಿದ್ದರು. ಎಲ್ಲರಿಗೂ ಖಿನ್ನತೆಯ ಮಾತ್ರೆ ನಡೆಯುತ್ತಿತ್ತು. ಅದರ ಜೊತೆಗೆ ಅರ್ಧದಷ್ಟು ಜನಕ್ಕೆ ಎಸ್ಕೆಟಮಿನ್ ಸ್ಪ್ರೇ, ಉಳಿದವರಿಗೆ ಕ್ವೆಟಿಯಾಪಿನ್ ಎಂಬ ಇನ್ನೊಂದು ಮಾತ್ರೆ ಕೊಟ್ಟರು. ಎಂಟನೇ ವಾರಕ್ಕೆ ಲಕ್ಷಣಗಳು ಹೆಚ್ಚುಕಡಿಮೆ ಮಾಯವಾದದ್ದು ಸ್ಪ್ರೇ ಗುಂಪಿನ ಶೇ 27.1 ಜನರಿಗೆ, ಇನ್ನೊಂದು ಗುಂಪಿನ ಶೇ 17.6 ಜನರಿಗೆ. ಸ್ಪ್ರೇ ಮೇಲು ಎಂಬುದು ಸ್ಪಷ್ಟ. ಆದರೆ ಸ್ಪ್ರೇ ತೆಗೆದುಕೊಂಡವರಲ್ಲೂ ನಾಲ್ವರಲ್ಲಿ ಸುಮಾರು ಮೂವರಿಗೆ ಎಂಟು ವಾರಕ್ಕೆ ಪೂರ್ಣ ಗುಣ ಸಿಗಲಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ಮನೆಯವರು ಈ ಎರಡನೇ ಅರ್ಧವನ್ನೂ ಕೇಳಿಸಿಕೊಂಡು ಹೊರಡಬೇಕು. ಇಲ್ಲದಿದ್ದರೆ ಗುಣವಾಗದ ರೋಗಿ ‘ತಪ್ಪು ನನ್ನದೇ’ ಎಂದುಕೊಂಡುಬಿಡುತ್ತಾನೆ.

ತಮ್ಮನಿಗೆ ಮೂರನೇ ಡ್ರಿಪ್ಪಿನ ಮರುದಿನ ಸಂಜೆ ಚಿಕ್ಕಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟರು. ಎರಡು ತುತ್ತು ಬಾಯಿಗೆ ಹಾಕಿಕೊಂಡು, ‘ಖಾರ ಯಾಕೆ ಕಮ್ಮಿ? ಮೆಣಸಿನಕಾಯಿ ಇಲ್ವಾ?’ ಎಂದ. ವರ್ಷದಿಂದ ಅವನಿಗೆ ಯಾವುದರ ರುಚಿಯೂ ಇರಲಿಲ್ಲ, ಇಟ್ಟದ್ದನ್ನು ನುಂಗುತ್ತಿದ್ದ ಅಷ್ಟೆ. ಚಿಕ್ಕಮ್ಮ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಣಸಿನಕಾಯಿ ಕರಿದರು.

ಏಳನೇ ವಾರಕ್ಕೆ ಮಂಕು ಮತ್ತೆ ಬಂತು. ಅದನ್ನೂ ಬರೆಯಲೇಬೇಕು.

ಯಾರಿಗೆ ಇದು ಆಗಿಬರುವುದಿಲ್ಲ?

ರಕ್ತನಾಳ ಊದಿಕೊಂಡಿರುವ ಅನ್ಯೂರಿಸಂ ಇರುವವರಿಗೆ, ಅಪಧಮನಿ ಅಭಿಧಮನಿ ಅಸಹಜವಾಗಿ ಕೂಡಿಕೊಂಡಿರುವವರಿಗೆ, ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ ಸ್ಪ್ರೇ ಕೊಡಲೇಬಾರದು. ಹತೋಟಿಗೆ ಬಾರದ ಬಿಪಿ, ಹೃದಯದ ಕಾಯಿಲೆ, ತೀವ್ರ ಲಿವರ್ ತೊಂದರೆ, ಭ್ರಮೆ ಕಾಣುವ ಕಾಯಿಲೆ, ಮಾದಕ ವಸ್ತುವಿನ ಚಟ ಇದ್ದವರ ವಿಷಯದಲ್ಲಿ ವೈದ್ಯರು ಬಹಳ ತೂಗಿ ನೋಡುತ್ತಾರೆ. ಬಸುರಿಯರಿಗೆ ಸಲಹೆ ಮಾಡುವುದಿಲ್ಲ. ಹಾಲೂಡಿಸುವ ತಾಯಂದಿರೂ ಮೊದಲೇ ಹೇಳಬೇಕು. ಪಿಯುಸಿ ಓದುವ ಮಗಳಿಗೆ ಕೊಡಿಸಬಹುದಾ ಎಂದು ಒಬ್ಬ ತಾಯಿ ಕೇಳಿದ್ದರು. ಒಪ್ಪಿಗೆ ಇರುವುದು ದೊಡ್ಡವರಿಗೆ ಮಾತ್ರ, 18 ತುಂಬದವರಿಗಲ್ಲ.

ಚಟ ಅಂಟಿಕೊಳ್ಳುತ್ತದಾ?

ಕೆಟಮಿನ್ ದುರ್ಬಳಕೆ ಆಗುವ ವಸ್ತು, ಅದಕ್ಕೇ ಅಷ್ಟು ಕಾವಲು. ಬೇಕಾಬಿಟ್ಟಿ, ಪದೇ ಪದೇ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಮೂತ್ರಕೋಶವೇ ಹಾಳಾಗುತ್ತದೆ. ಆಸ್ಪತ್ರೆಯಲ್ಲಿ ಅಳತೆಯಂತೆ, ಅಂತರ ಬಿಟ್ಟು ಕೊಡುವಾಗ ಈ ಅಪಾಯ ಬಹಳ ಕಡಿಮೆ. ಆದರೂ ಉರಿಮೂತ್ರ, ಪದೇ ಪದೇ ಮೂತ್ರ ಶುರುವಾದರೆ ಹೇಳಿ. ಮನೆಯಲ್ಲಿ ಕುಡಿತದ ಚರಿತ್ರೆ ಇದ್ದರೆ ಅದನ್ನೂ ಹೇಳಿ.

ಖರ್ಚು ಎಷ್ಟು? ವಿಮೆ ಕೊಡುತ್ತಾರಾ?

ಪೇಟೆಂಟ್ ಔಷಧಿ, ದುಬಾರಿ. 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ಸಲದ ಔಷಧಿಗೇ 590ರಿಂದ 885 ಡಾಲರ್ ಇತ್ತು. ಡ್ರಿಪ್ಪಿನಲ್ಲಿ ಔಷಧಿಗಿಂತ ಕೋಣೆ, ಅರಿವಳಿಕೆ ತಜ್ಞರು, ನಿಗಾ ಇವುಗಳದ್ದೇ ಖರ್ಚು. ಹೊಲ ಅಡವಿಟ್ಟು ಇದಕ್ಕೆ ಹೊರಡುವ ಮೊದಲು, ಇದಕ್ಕಿಂತ ಅಗ್ಗದ, ಇಷ್ಟೇ ಬಲದ ಚಿಕಿತ್ಸೆಗಳು ಬಾಕಿ ಇವೆಯೇ ಎಂದು ವೈದ್ಯರನ್ನು ಕೇಳಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ದೇಹದ ಕಾಯಿಲೆಗೆ ವಿಮೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ಕೊಡಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಓಪಿಡಿ ಖರ್ಚು ಕೊಡುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವ ಚಿಕಿತ್ಸೆಯನ್ನು ಡೇ ಕೇರ್ ಎಂದು ಪರಿಗಣಿಸುತ್ತೀರಾ ಎಂದು ವಿಮೆಯವರಿಂದ ಮೊದಲೇ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಫೋನಿನ ಮಾತು ನಂಬಿ ಹೋಗಬೇಡಿ.

ಸ್ಪ್ರೇ ಸಿಗಲಿಲ್ಲ, ಇಲ್ಲವೇ ಹಿಡಿಯಲಿಲ್ಲ. ಆಮೇಲೆ? ಕರೆಂಟ್ ಕೊಡಿಸಬೇಕಾ?

ಬೇರೆ ದಾರಿಗಳಿವೆ. ಇರುವ ಮಾತ್ರೆಯ ಜೊತೆಗೆ ಲಿಥಿಯಂ, ಅರಿಪಿಪ್ರಜೋಲ್, ಕ್ವೆಟಿಯಾಪಿನ್ ಸೇರಿಸುವುದು ಒಂದು. ತಲೆಯ ಮೇಲೆ ಅಯಸ್ಕಾಂತದ ಅಲೆ ಹಾಯಿಸುವ ಆರ್‌ಟಿಎಂಎಸ್ ಇನ್ನೊಂದು. ವಾರಕ್ಕೆ ಐದು ದಿನದಂತೆ ನಾಲ್ಕಾರು ವಾರ, ಅರಿವಳಿಕೆ ಬೇಕಿಲ್ಲ. ಮಾತಿನ ಚಿಕಿತ್ಸೆಯಂತೂ ಯಾವುದರ ಜೊತೆಗಾದರೂ ಇರಲಿ.

ಇನ್ನು ಇಸಿಟಿ, ಜನ ‘ಕರೆಂಟ್ ಕೊಡೋದು’ ಅನ್ನುವುದು. ಹೆಸರು ಕೇಳಿದರೇ ನಾವು ಬೆಚ್ಚುತ್ತಿದ್ದೆವು. ಸಿನಿಮಾದಲ್ಲಿ ಕೈಕಾಲು ಕಟ್ಟಿ ಕೊಡುವುದನ್ನು ನೋಡಿದ್ದೇ ನಮ್ಮ ತಿಳಿವಳಿಕೆ. ಈಗ ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಕೊಡದೆ ಇಸಿಟಿ ಮಾಡುವುದನ್ನು 2017ರ ಅದೇ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಊಟ ನೀರು ಬಿಟ್ಟವರಿಗೆ, ಭ್ರಮೆಯೂ ಸೇರಿದ ಖಿನ್ನತೆಗೆ, ಇಸಿಟಿಯಷ್ಟು ಬಲವಾದದ್ದು ಇನ್ನೊಂದಿಲ್ಲ ಎಂದೇ ವೈದ್ಯರು ಹೇಳುತ್ತಾರೆ. 2023ರ ಇನ್ನೊಂದು ಅಧ್ಯಯನದಲ್ಲಿ ಭ್ರಮೆಯಿಲ್ಲದ, ಮಾತ್ರೆಗೆ ಬಗ್ಗದ ಖಿನ್ನತೆಯವರಲ್ಲಿ ಕೆಟಮಿನ್ ಡ್ರಿಪ್ಪಿಗೆ ಶೇ 55.4, ಇಸಿಟಿಗೆ ಶೇ 41.2 ಜನ ಸ್ಪಂದಿಸಿದ್ದರು. ಹಾಗಾಗಿ ಮೊದಲು ಡ್ರಿಪ್ ಪ್ರಯತ್ನಿಸಿದ್ದು ನಮ್ಮ ತಪ್ಪಾಗಿರಲಿಲ್ಲ. ಆದರೆ ಏಳನೇ ವಾರದ ಮಂಕಿನಿಂದ ತಮ್ಮನನ್ನು ಎಬ್ಬಿಸಿದ್ದು ಎಂಟು ಇಸಿಟಿ, ಆಮೇಲೆ ಲಿಥಿಯಂ. ಇಸಿಟಿ ನಡೆದ ವಾರಗಳ ನೆನಪು ಅವನಿಗೆ ಅಲ್ಲಲ್ಲಿ ಮಸುಕು. ನನ್ನ ಮಗಳ ಹುಟ್ಟುಹಬ್ಬಕ್ಕೆ ತಾನು ಬಂದದ್ದು ಅವನಿಗೆ ಜ್ಞಾಪಕವಿಲ್ಲ, ಫೋಟೊ ತೋರಿಸಿದೆವು. ಆದರೆ ಈಗ ಅಂಗಡಿಯ ಲೆಕ್ಕ ಪೂರ್ತಿ ಅವನೇ ಬರೆಯುತ್ತಿದ್ದಾನೆ.

ಮನೆಯ ಹಿರಿಯರು ಒಪ್ಪುವುದಿಲ್ಲ. ಊರಲ್ಲಿ ಗೊತ್ತಾದರೆ ಮದುವೆ ಕೆಡುತ್ತದೆ ಅಂತಾರೆ.

ಹರಕೆ ಹೊರಬೇಡಿ, ಮಠಕ್ಕೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ. ನಮ್ಮ ಅಜ್ಜಿ ತಮ್ಮನಿಗಾಗಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಕಟ್ಟಿದ್ದರು. ಹರಕೆಯೂ ನಡೆಯಿತು, ಮಾತ್ರೆಯೂ ನಡೆಯಿತು. ಅಜ್ಜಿಗೆ ವೈದ್ಯೆಯೇ ಹೇಳಿದ ಮಾತು ಹಿಡಿಸಿತು: ‘ಅಜ್ಜೀ, ನೀವು ದೇವರಿಗೆ ಕೈ ಮುಗೀರಿ, ಇವನು ಗುಳಿಗೆ ತಪ್ಪಿಸದ ಹಾಗೂ ನೋಡಿಕೊಳ್ರಿ, ಎರಡೂ ನಿಮ್ಮ ಕೆಲಸಾನೇ.’ ಅಂದಿನಿಂದ ರಾತ್ರಿ ಎಂಟಕ್ಕೆ ನೀರು ತುಂಬಿದ ಲೋಟ ಹಿಡಿದು ಅವನ ಮುಂದೆ ನಿಲ್ಲುತ್ತಿದ್ದವರು ಅಜ್ಜಿ.

ಗುಟ್ಟಿನ ವಿಷಯ: ರೋಗಿಯ ಮಾಹಿತಿಯನ್ನು ಆಸ್ಪತ್ರೆ ಗೋಪ್ಯವಾಗಿಡಬೇಕು, ಇದು ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ತನ್ನ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕು ರೋಗಿಗಿದೆ. ತನ್ನ ಪರವಾಗಿ ಮಾತಾಡುವ ಪ್ರತಿನಿಧಿ ಯಾರು ಎಂಬುದನ್ನೂ ಅವರೇ ಬರೆದು ಕೊಡಬಹುದು. ಗಂಡನೇ, ಅಪ್ಪನೇ ಆಗಬೇಕೆಂದಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾನೂನು ನೋಡುತ್ತದೆ, ಪೊಲೀಸರ ಭಯಕ್ಕೆ ಆಸ್ಪತ್ರೆಗೆ ಒಯ್ಯದೆ ಇರಬೇಡಿ.

ಜೊತೆಗೆ ಹೋಗುವವಳು ನಾನು. ಏನೇನು ಇಟ್ಟುಕೊಳ್ಳಲಿ?

ಔಷಧಿಗಳ ಪಟ್ಟಿ, ಒಂದೇ ಹಾಳೆಯಲ್ಲಿ: ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾಕೆ ನಿಂತಿತು. ಬಿಪಿ ಶುಗರ್ ಮಾತ್ರೆಗಳೂ ಅದರಲ್ಲಿರಲಿ. ರೆಫರಲ್ ಪತ್ರ, ರಕ್ತಪರೀಕ್ಷೆಯ ವರದಿ, ಆಧಾರ್, ವಿಮೆಯ ಕಾರ್ಡು. ತೆಳ್ಳನೆಯ ಒಂದು ಶಾಲು, ಏಸಿ ಕೋಣೆಯಲ್ಲಿ ಅವರಿಗೆ ಚಳಿಯಾಗುತ್ತದೆ. ವಾಂತಿಗೆ ಎರಡು ಪ್ಲಾಸ್ಟಿಕ್ ಕವರ್. ಮುಗಿದ ಮೇಲೆ ತಿನ್ನಲು ಬಾಳೆಹಣ್ಣೋ ಇಡ್ಲಿಯೋ, ಎಣ್ಣೆ ಪದಾರ್ಥ ಬೇಡ. ನಿಮ್ಮ ಹೊಟ್ಟೆಗೂ ಏನಾದರೂ ಇರಲಿ, ಮೊದಲ ದಿನ ನಾನು ಬೆಳಗಿನಿಂದ ಉಪವಾಸ ಕೂತು ನನಗೇ ತಲೆ ಸುತ್ತಿ ಬಂದಿತ್ತು.

ಒಂದು ಚಿಕ್ಕ ನೋಟ್‌ಬುಕ್ಕೂ ಬೇಕು. ಪ್ರತಿ ಸಲದ ತಾರೀಖು, ಡೋಸು, ಮೊದಲಿನ ಬಿಪಿ, ನಂತರದ ಬಿಪಿ, ಮುಂದಿನ ಎರಡು ದಿನದ ನಿದ್ದೆ, ಊಟ, ಮಾತು. ಮೂರನೇ ಡ್ರಿಪ್ಪಿನ ಪುಟದಲ್ಲಿ ನಾನು ಬರೆದದ್ದು ಇಷ್ಟೇ: ‘ಸಂಜೆ 5, ಮಂಡಕ್ಕಿ, ಖಾರ ಕಮ್ಮಿ ಅಂದ.’ ಮುಂದಿನ ಸಲ ವೈದ್ಯೆ ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು.